ಊಟಕ್ಕೆ ಕರೆಯುತ್ತಾ ತಿರುಗಿದ ಬೇಸಿಗೆ

ಹೋದ ತಿಂಗಳು ನಮ್ಮ ಬೀದಿಯಲ್ಲಿ ಒಂದು ಗೃಹಪ್ರವೇಶವಿತ್ತು. ಹೊಳೆನರಸೀಪುರಕ್ಕೆ ವರ್ಗವಾಗಿ ಬಂದ ಮೇಲೆ ನಾನಿರುವ ಬಾಡಿಗೆ ಮನೆಗೆ ಅದು ಎದುರು ಮನೆ. ರಸ್ತೆಗೆ ಅಡ್ಡ ಶಾಮಿಯಾನ ಹಾಕಿ, ಪಕ್ಕದ ಖಾಲಿ ಸೈಟಿನಲ್ಲಿ ಒಲೆ ಹೂಡಿದ್ದರು. ಬಿಸಿಲು ಏರುವ ಹೊತ್ತಿಗೆ ಬೇಳೆ ಬೇಯುವ ವಾಸನೆ ಕಿಟಕಿಯಿಂದ ಒಳಗೆ ಬಂತು. ದೊಡ್ಡ ಪಾತ್ರೆಯಲ್ಲಿ ಬೆಂದ ಬೇಳೆಗೆ ಬೇರೆಯೇ ಒಂದು ವಾಸನೆ ಇರುತ್ತದೆ. ನಾನು ದಿನಾ ಒಬ್ಬಳಿಗಾಗಿ ಕುಕ್ಕರಿನಲ್ಲಿ ಕೂಗಿಸುವ ಹಿಡಿ ಬೇಳೆಗೆ ಅದು ಬರುವುದಿಲ್ಲ.

ಅವರು ಕಾರ್ಡು ಕೊಟ್ಟಿದ್ದರು, ನಾನೂ ಒಳ್ಳೆಯ ಸೀರೆ ಉಟ್ಟು ಸಿದ್ಧವಾಗಿ ಕೂತಿದ್ದೆ. ಊಟದ ಹೊತ್ತಾಯಿತು. ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಕೂತಿತು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಯಾರಾದರೂ ಬಾಗಿಲಿಗೆ ಬಂದು "ಎಲೆ ಹಾಕಿದೆ, ಬನ್ನಿ" ಅನ್ನುತ್ತಾರೆ ಅಂತ ಕಾಯುತ್ತಿದ್ದೆ. ಪೇಟೆಯಲ್ಲಿ ಯಾರು ಹಾಗೆ ಕರೆಯುತ್ತಾರೆ? ಕಾರ್ಡು ಕೊಟ್ಟರೆ ಅವರ ಕೆಲಸ ಮುಗಿಯಿತು. ಕೊನೆಗೆ ಸೀರೆ ಬದಲಿಸಿ, ತಣ್ಣಗಿನ ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡೆ. ಈ ಕಾಯಿಲೆ ನನಗೆ ಎಲ್ಲಿ ಅಂಟಿಕೊಂಡಿತು ಅಂತ ಯೋಚಿಸುತ್ತಾ ಕೂತಾಗ ಆ ಬೇಸಿಗೆ ನೆನಪಾಯಿತು.

ಅರಕಲಗೂಡಿನಿಂದ ಗೊರೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ, ನಾನು ಹೇಳಬೇಕಾದವರು ಇನ್ನೂ ಅಲ್ಲೇ ಇದ್ದಾರೆ. ಅಲ್ಲಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕೆಲವು ವರ್ಷ ಟೀಚರಾಗಿದ್ದೆ. ಆ ವರ್ಷ ಮಳೆ ಕೈಕೊಟ್ಟಿತು. ಹೇಮಾವತಿಯ ಹಿನ್ನೀರು ಎಷ್ಟು ಹಿಂದೆ ಸರಿದಿತ್ತೆಂದರೆ ಗೊರೂರಿನ ಕಡೆ ಮೀನು ಹಿಡಿಯುವವರು ತೆಪ್ಪಗಳನ್ನು ದಡದಲ್ಲಿ ಮಗುಚಿ ಹಾಕಿ ಕೂಲಿಗೆ ಹೋಗುತ್ತಿದ್ದರು. ಯುಗಾದಿ ಕಳೆಯಿತು, ಅಶ್ವಿನಿ ಮಳೆ ಬರಲಿಲ್ಲ, ಭರಣಿಯೂ ಬರುವ ಲಕ್ಷಣವಿರಲಿಲ್ಲ. ಬರಗಾಲದ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡಬೇಕೆಂದು ಆದೇಶ ಬಂತು. ಅಡುಗೆಯವರ ಜೊತೆ ಒಬ್ಬ ಟೀಚರು ಇರಬೇಕು. ಹೆಡ್‌ಮಾಸ್ಟರು ಎಲ್ಲರ ಮುಖ ನೋಡಿದರು. ಒಬ್ಬರಿಗೆ ತಂಗಿಯ ಮದುವೆ, ಒಬ್ಬರಿಗೆ ಮಗನ ಸಿಇಟಿ, ಇನ್ನೊಬ್ಬರಿಗೆ ಧರ್ಮಸ್ಥಳದ ಹರಕೆ.

"ನಾನಿರ್ತೀನಿ ಬಿಡಿ ಸರ್" ಅಂದೆ.

ಎಲ್ಲರೂ ನನ್ನನ್ನು ತ್ಯಾಗಮಯಿ ಅಂತ ಹೊಗಳಿದರು. ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ನನಗೆ ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಇರಲಿಲ್ಲ. ರಜೆ ಬಂದರೆ ಚನ್ನರಾಯಪಟ್ಟಣದಲ್ಲಿ ಅಣ್ಣನ ಮನೆಗೆ ಹೋಗಬೇಕಿತ್ತು. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ನಾನು ಬ್ಯಾಗು ಕೆಳಗಿಡುವ ಮೊದಲೇ "ಎಷ್ಟು ದಿನ ಇರ್ತೀರಾ?" ಅಂತ ನಗುನಗುತ್ತಾ ಕೇಳುತ್ತಿದ್ದಳು. ನಾನು ಓದುತ್ತಿದ್ದ ರೂಮಿನಲ್ಲಿ ಈಗ ಅವರ ಮಗನಿರುತ್ತಾನೆ, ನನಗೆ ಹಾಲಿನಲ್ಲಿ ಹಾಸಿಗೆ. ಎರಡು ವರ್ಷದಿಂದ ಅವರು ಫೋನಿನಲ್ಲಿ "ಬಾ" ಅಂತ ಹೇಳಿರಲೂ ಇಲ್ಲ. ನಾನೇ ರಜೆಯ ದಿನ ನೋಡಿಕೊಂಡು ಹೋಗಿಬಿಡುತ್ತಿದ್ದೆ. ಈ ಬಿಸಿಯೂಟ ಮಕ್ಕಳಿಗೆ ಎಷ್ಟು ಬೇಕಿತ್ತೋ ಅದಕ್ಕಿಂತ ಹೆಚ್ಚಾಗಿ ನನಗೆ ಬೇಕಿತ್ತು.

ಮೊದಲ ದಿನ ಹಾಲಿನ ಡೈರಿಯ ಮೈಕಿನಲ್ಲಿ ನಾನೇ ಕೂಗಿದೆ. ಇಂದಿನಿಂದ ಶಾಲೆಯಲ್ಲಿ ಊಟವಿದೆ, ಎಲ್ಲ ಮಕ್ಕಳೂ ತಪ್ಪದೆ ಬರಬೇಕು ಅಂತ ಎರಡು ಸಲ ಹೇಳಿದೆ. ಅಡುಗೆಯ ಜವರಮ್ಮ ಊರ ಮಕ್ಕಳಿಗೆಲ್ಲ ಆಗುವಷ್ಟು ಅನ್ನ ಮಾಡಿ, ಸಾಂಬಾರಿಗೆ ಒಗ್ಗರಣೆ ಹಾಕಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಜಗಲಿಗೆ ಬಂದು ಕೂತಳು. ನಾನು ತಟ್ಟೆಗಳನ್ನು ಸಾಲಾಗಿ ಇಟ್ಟೆ. ಬಂದವರು ಯಾರು? ರಸ್ತೆ ಕೆಲಸಕ್ಕೆ ಬಂದು ಟೆಂಟು ಹಾಕಿದ್ದವರ ನಾಲ್ಕು ಪುಟಾಣಿಗಳು, ಅಷ್ಟೆ. ಊರಿನ ಮಕ್ಕಳು ಕಾಂಪೌಂಡಿನ ಮೇಲಿಂದ ತಲೆ ಎತ್ತಿ ನೋಡಿ, ನಾನು ಕೈಬೀಸಿದ ಕೂಡಲೇ ಓಡಿಹೋದರು. ನಾನು ಮುಖ್ಯವಾಗಿ ಹುಡುಕುತ್ತಿದ್ದದ್ದು ಶೈಲಜಳ ಇಬ್ಬರು ಹೆಣ್ಣುಮಕ್ಕಳನ್ನು. ದೊಡ್ಡವಳು ಸಿಂಚನ, ಆರನೇ ಕ್ಲಾಸು. ಚಿಕ್ಕವಳು ಗಾನವಿ, ಎರಡನೇ ಕ್ಲಾಸು. ಅಪ್ಪ ಹಿಂದಿನ ವರ್ಷ ಕಾಯಿಲೆಯಿಂದ ತೀರಿಕೊಂಡಿದ್ದ. ಮನೆಯ ಮುಂಭಾಗದಲ್ಲಿದ್ದ ದಿನಸಿ ಅಂಗಡಿಯ ಬಾಗಿಲು ಅಂದಿನಿಂದ ಮುಚ್ಚಿತ್ತು. ಶಾಲೆ ನಡೆಯುವಾಗ ಆ ಇಬ್ಬರೂ ಪಂಕ್ತಿಯ ತುದಿಯಲ್ಲಿ ಕೂತು, ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಉಣ್ಣುತ್ತಿದ್ದರು. ಆ ತುದಿ ಖಾಲಿಯಾಗಿತ್ತು.

ಮರುದಿನ ಇನ್ನೂ ಗಟ್ಟಿಯಾಗಿ ಮೈಕಿನಲ್ಲಿ ಕೂಗಿದೆ. ಮತ್ತೆ ಅದೇ ನಾಲ್ಕು ಪುಟಾಣಿಗಳು. ಅನ್ನವನ್ನು ದನಕ್ಕೆ ಹಾಕುವಾಗ ಜವರಮ್ಮನಿಗೆ ಕಣ್ಣಲ್ಲಿ ನೀರು. ಅಂದೇ ತಾಲ್ಲೂಕಿನಿಂದ ಬಂದಿದ್ದ ಒಬ್ಬರು ಖಾಲಿ ಜಗಲಿ ನೋಡಿ, "ಮಕ್ಕಳೇ ಬರಲ್ಲ ಅಂದ್ರೆ ಇಲ್ಲಿ ಯಾಕೆ ಮೇಡಂ ಮಾಡೋದು? ಮುಂದಿನ ಊರಿನ ಸ್ಕೂಲಿಗೆ ಸೇರಿಸಿಬಿಡೋಣ. ನೀವೂ ಆರಾಮಾಗಿ ಮನೆಗೆ ಹೋಗಿ" ಅಂದರು. ಒಳ್ಳೆಯ ಮಾತೇ ಆಡಿದರು ಪಾಪ. ನನಗೆ ಮಾತ್ರ ಅತ್ತಿಗೆಯ ನಗುಮುಖ ಕಣ್ಣೆದುರು ಬಂತು.

ಸಿಟ್ಟಿನಿಂದ ಕೊಡೆ ಬಿಚ್ಚಿಕೊಂಡು ಬೀದಿಗೆ ಇಳಿದೆ. ಮೊದಲು ಸಿಕ್ಕಿದ್ದು ನಂಜಮ್ಮಜ್ಜಿ. ಜಗಲಿಯ ಮೇಲೆ ಕಾಲು ಚಾಚಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದಳು. ಅವಳ ಮೊಮ್ಮಗಳು ನನ್ನನ್ನು ಕಂಡು ಬಾಗಿಲ ಹಿಂದೆ ಸರಿದಳು.

"ಏನಜ್ಜಿ, ಸ್ಕೂಲಲ್ಲಿ ಅನ್ನ ಚೆಲ್ಲಿ ಹೋಗ್ತಾ ಇದೆ, ಮಗೂನ ಯಾಕೆ ಕಳಿಸಿಲ್ಲ?"

"ನೀವ್ ಕರುದ್ರಾ?" ಅಂದಳು.

"ಮೈಕಲ್ಲಿ ಎರಡು ದಿನದಿಂದ ಗಂಟಲು ಹರಕೊಂಡಿದ್ದೀನಿ!"

"ಮೈಕಲ್ಲಿ ಯಾರ್ನಾರ ಊಟುಕ್ ಕರೀತಾರೇನವ್ವ? ಕಳ್ದೋದ್ ಎಮ್ಮೆ ಕೂಗ್ತಾರೆ. ಸ್ಕೂಲ್ ಇದ್ದಾಗ ಸರಿ, ಓದಕ್ ಅಂತ ಓದ್ ಮಕ್ಳು ಅಲ್ಲೇ ಉಂಡ್ ಬತ್ತವೆ. ರಜದಾಗೆ ತಟ್ಟೆ ಇಡ್ಕೊಂಡ್ ಓಗಿ ಕೂತ್ರೆ ಊರೋರು ಏನಂದಾರು? ಇವ್ರ ಮನೇಲಿ ಒಲೆ ಅತ್ತಿಲ್ಲ, ಇವಕ್ಕೆ ಅಜ್ಜಿ ಮನೆನೂ ಇಲ್ಲ ಅನ್ನಕಿಲ್ವಾ?"

ನಾನು ಕೊಡೆ ಮಡಿಸಿ ಅವಳ ಪಕ್ಕದಲ್ಲಿ ಕೂತೆ. ಆ ಕಡೆಯ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ಊಟ ಹಾಕಿಸುವವರು ಹಿಂದಿನ ದಿನ ಬಂದು ಹೇಳಬೇಕು. ಅಷ್ಟೇ ಸಾಲದು. ಎಲೆ ಹಾಕಿದ ಮೇಲೆ ಮತ್ತೊಮ್ಮೆ ಬಂದು ಬಾಗಿಲಲ್ಲಿ ನಿಂತು ಕರೆಯಬೇಕು. ಆ ಎರಡನೇ ಕರೆ ಬರದಿದ್ದರೆ ಹಸಿದ ಹೊಟ್ಟೆಯಲ್ಲೇ ಕವುಚಿ ಮಲಗುತ್ತಾರೆಯೇ ಹೊರತು ಯಾರೂ ಹೊಸ್ತಿಲು ದಾಟುವುದಿಲ್ಲ. ಸರ್ಕಾರದ ಊಟಕ್ಕೂ ಅದು ಅನ್ವಯಿಸುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಸರ್ಕಾರಕ್ಕೂ ಹೊಳೆದಿರಲಾರದು.

ಮರುದಿನದಿಂದ ನನ್ನ ಕೆಲಸ ಅದೇ ಆಯಿತು. ಅನ್ನ ಇಳಿಸುವ ಹೊತ್ತಿಗೆ ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ಕೊಡೆ ಹಿಡಿದು ಹೊರಡುತ್ತಿದ್ದೆ. ಪ್ರತಿ ಮನೆಯ ಬಾಗಿಲಲ್ಲೂ ನಿಂತು "ಎಲೆ ಹಾಕಿದೆ, ಮಕ್ಕಳನ್ನ ಕಳಿಸಿ" ಅನ್ನುತ್ತಿದ್ದೆ. ಇಡುತ್ತಿದ್ದದ್ದು ಸ್ಟೀಲ್ ತಟ್ಟೆ, ಆದರೆ ಕರೆಯುವುದು ಎಲೆ ಅಂತಲೇ. ಮೊದಲ ದಿನ ನಂಜಮ್ಮಜ್ಜಿಯ ಮೊಮ್ಮಗಳು ತಲೆ ಬಾಚಿಸಿಕೊಂಡು ಬಂದಳು. ಅವಳ ಹಿಂದೆ ಇನ್ನಿಬ್ಬರು. ವಾರ ಕಳೆಯುವಷ್ಟರಲ್ಲಿ ಜಗಲಿ ತುಂಬಿತು. ಯಾರಾದರೂ ದಾರಿಯಲ್ಲಿ ಕೇಳಿದರೆ, "ಮಿಸ್ಸು ಮನೇಗ್ ಬಂದ್ ಕರುದ್ರು, ಅದುಕ್ಕೇ ಓಯ್ತಾ ಇದೀವಿ" ಅಂತ ಮಕ್ಕಳು ಜೋರಾಗಿ ಹೇಳುತ್ತಿದ್ದರು. ಮುಂದಿನ ಊರಿಗೆ ಸೇರಿಸುವ ಮಾತು ಅಲ್ಲಿಗೇ ನಿಂತಿತು.

ಕರೆಯಲು ಹೋಗುವ ಆ ಅರ್ಧ ಗಂಟೆ, ಬಡಿಸುವ ಆ ಇನ್ನೊಂದು ಗಂಟೆ ಬಿಟ್ಟರೆ ಉಳಿದ ದಿನವೆಲ್ಲ ನನ್ನದೇ. ಅದನ್ನು ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಮಕ್ಕಳು ಕೈ ತೊಳೆದು ಓಡಿದ ಮೇಲೆ, ಟ್ಯಾಂಕರಿನ ನೀರನ್ನು ಹಿಡಿಹಿಡಿಯಾಗಿ ಬಳಸಿ ಜವರಮ್ಮ ಪಾತ್ರೆ ತೊಳೆಯುತ್ತಿದ್ದಳು. ಅವಳೂ ಹೋದ ಮೇಲೆ ಶಾಲೆಯ ಜಗಲಿಯಲ್ಲಿ ನಾನೊಬ್ಬಳೇ. ನನ್ನ ಬಾಡಿಗೆ ರೂಮು ಶಾಲೆಯ ಹಿಂದಿನ ಬೀದಿಯಲ್ಲಿತ್ತು, ಆದರೂ ಸಂಜೆಯ ತನಕ ಹೋಗುತ್ತಿರಲಿಲ್ಲ. ಅಲ್ಲಿ ಒಂದು ಮಂಚ, ಒಂದು ಸ್ಟೌವು, ಒಂದು ತಟ್ಟೆ, ಒಂದು ಲೋಟ. ಇನ್ನೊಂದು ಲೋಟ ಕೊಳ್ಳಬೇಕು ಅಂತ ಅನ್ನಿಸುವ ಸಂದರ್ಭವೇ ಬಂದಿರಲಿಲ್ಲ. ಶಾಲೆಯಲ್ಲಾದರೆ ಸಾಲುಸಾಲು ತಟ್ಟೆಗಳು ಬಿಸಿಲಿಗೆ ಒಣಗುತ್ತಾ ಇರುತ್ತಿದ್ದವು, ಅವನ್ನು ನೋಡುತ್ತಾ ಕೂತರೆ ಸಮಾಧಾನವಾಗುತ್ತಿತ್ತು. ನನಗೆ ಒಂಟಿತನ ಅಭ್ಯಾಸವಾಗಿದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಅಭ್ಯಾಸವೇನೂ ಆಗಿರಲಿಲ್ಲ.

ಎಲ್ಲ ಬಾಗಿಲೂ ತೆರೆದುಕೊಂಡವು, ಶೈಲಜಳ ಬಾಗಿಲೊಂದನ್ನು ಬಿಟ್ಟು. ಮೊದಲ ಸಲ ಕರೆಯಲು ಹೋದಾಗ ಅವಳು ಬಾಗಿಲನ್ನು ಅರ್ಧ ತೆರೆದು, ಆ ಅರ್ಧದಲ್ಲಿ ತಾನೇ ನಿಂತು, "ಮಕ್ಕಳು ಊರಲ್ಲಿಲ್ಲ ಮೇಡಂ. ಅಜ್ಜಿ ಮನೆಗೆ ಹೋಗಿದಾರೆ" ಅಂದಳು. ಅರಸೀಕೆರೆ ಕಡೆ ಅವಳ ತವರು. ಪ್ರತಿ ವರ್ಷ ಪರೀಕ್ಷೆ ಮುಗಿದ ಮಾರನೆಯ ದಿನ ಮಕ್ಕಳು ಅಲ್ಲಿಗೆ ಹೋಗುತ್ತಿದ್ದದ್ದು ನನಗೂ ಗೊತ್ತಿತ್ತು. ಒಳ್ಳೆಯದಾಯಿತು ಅಂದುಕೊಂಡು ಮುಂದಿನ ಮನೆಗೆ ಹೋದೆ.

ಆಮೇಲೊಂದು ದಿನ ಆ ಬೀದಿಯಲ್ಲಿ ಬರುವಾಗ ಒಳಗಿನಿಂದ ಚೌಕಾಬಾರದ ಕವಡೆ ಉರುಳುವ ಸದ್ದು ಕೇಳಿತು. ಒಂದು ಸಲ ಉರುಳಿ, ಸ್ವಲ್ಪ ತಡೆದು, ಇನ್ನೊಂದು ಸಲ ಉರುಳಿತು. ಆಡಲು ಇಬ್ಬರು ಬೇಕು. ನಾನು ಬಾಗಿಲು ತಟ್ಟಿದ ಕೂಡಲೇ ಸದ್ದು ನಿಂತಿತು. ಶೈಲಜ ಬಂದು ಅದೇ ಅರ್ಧ ಬಾಗಿಲಲ್ಲಿ ನಿಂತಳು. "ಇನ್ನೂ ಬಂದಿಲ್ಲ ಮೇಡಂ" ಅಂದಳು. ಅವಳ ಹಿಂದೆ ನಡುಮನೆಯ ಹಗ್ಗದ ಮೇಲೆ ಎರಡು ಚಿಕ್ಕ ಲಂಗಗಳು ಒಣಗುತ್ತಿದ್ದವು. ಹೊರಗೆ ಅಂಥ ಬಿಸಿಲಿರುವಾಗ ಯಾರು ಬಟ್ಟೆಯನ್ನು ಮನೆಯೊಳಗೆ ಒಣಹಾಕುತ್ತಾರೆ?

ಓಡಿಬಂದು ಜವರಮ್ಮನಿಗೆ ಹೇಳಿದೆ. ಅವಳು ಸೌಟು ಆಡಿಸುವುದನ್ನೂ ನಿಲ್ಲಿಸಲಿಲ್ಲ.

"ಊರ್ಗೆಲ್ಲಾ ಗೊತ್ತದೆ ಕಣ್ ಮೇಡಮ್ನೋರೆ. ಅವ್ರವ್ವ ಶಿವರಾತ್ರಿ ಮುಂದೆ ತೀರ್ಕೊಂಡ್ರು. ಆಮ್ಯಾಕೆ ಅಣ್ತಮ್ಮದೀರು ಕರೀಲೇ ಇಲ್ಲ. ಇವ್ಳು ಅದಾಗ್ಲೇ ಊರ್ಗೆಲ್ಲ ಯೋಳ್ಕೊಂಡಿದ್ಲು, ನಾಳೀಕೆ ಬಸ್ಸತ್ತಿಸ್ತೀನಿ ಅಂತವ. ಕರೀಲಿಲ್ಲ ಅಂತ ಯೆಂಗ್ ಯೋಳಾಳು? ಬಾಗ್ಲಾಕ್ಕೊಂಡು ಮಕ್ಳುನ್ನ ಒಳೀಕೆ ಮಡೀಕೊಂಡವ್ಳೆ."

"ರಜೆ ಮುಗಿಯೋವರೆಗೂ?"

"ಮತ್ತಿನ್ನೇನು ಮಾಡಾಳು? ಇವತ್ತು ಈಚೆ ಬಿಟ್ರೆ ಸುಳ್ಳು ಅಂತ ಆಯ್ತದಲ್ಲ."

ಅವಳ ಮನೆಯಲ್ಲಿ ಗಂಜಿಗೇನೂ ತೀರಾ ಕೊರತೆ ಇರಲಿಲ್ಲವಂತೆ. ಅಳೆದು ಬಳಸುವಷ್ಟು ರಾಗಿ ಇತ್ತು, ಸೊಸೈಟಿಯ ಅಕ್ಕಿ ಇತ್ತು. ಆದರೆ ಗಾನವಿಯಂಥ ಮಗು, ಒಂದು ಕಡೆ ಎರಡು ನಿಮಿಷ ಕೂರದ ಮಗು, ಹಗಲೆಲ್ಲ ಕಿಟಕಿ ಮುಚ್ಚಿದ ಮನೆಯಲ್ಲಿ, ಬೀದಿಯಲ್ಲಿ ತನ್ನ ಗೆಳತಿಯರು ಕೂಗಾಡುವುದನ್ನು ಕೇಳಿಸಿಕೊಂಡು ಬಾಯಿಮುಚ್ಚಿ ಇರಬೇಕಿತ್ತು. ನನಗೆ ಆ ದಿನ ಅನ್ನ ಇಳಿಯಲಿಲ್ಲ.

ಜವರಮ್ಮನೇ ಒಂದು ಉಪಾಯ ಮಾಡಿದಳು. ಸಂಜೆ ಒಂದು ಡಬ್ಬಿಯಲ್ಲಿ ಅನ್ನ, ಇನ್ನೊಂದರಲ್ಲಿ ಸಾಂಬಾರು ಹಾಕಿಕೊಂಡು ಶೈಲಜಳ ಹಿತ್ತಿಲ ಬಾಗಿಲಿಗೆ ಹೋಗಿ ಇಟ್ಟು ಬಂದಳು. ಬೆಳಿಗ್ಗೆ ಎರಡೂ ಡಬ್ಬಿ ಶಾಲೆಯ ಮೆಟ್ಟಿಲ ಮೇಲಿದ್ದವು. ಅನ್ನ ಮುಟ್ಟಿರಲಿಲ್ಲ. ಬಂದ ಪಾತ್ರೆಯನ್ನು ಹಾಗೇ ಕಳಿಸಬಾರದಲ್ಲ, ಮುಚ್ಚಳದ ಮೇಲೆ ಶೈಲಜ ಒಂದು ಅಚ್ಚು ಬೆಲ್ಲ ಇಟ್ಟಿದ್ದಳು. ಜವರಮ್ಮ ಆ ಬೆಲ್ಲವನ್ನೇ ನೋಡುತ್ತಾ, "ಎಂಥಾ ಯೆಣ್ಣವ್ವ ಇದು!" ಅಂದಳು. ಬೈದಳೋ ಮೆಚ್ಚಿದಳೋ ಗೊತ್ತಾಗಲಿಲ್ಲ.

ಆಮೇಲೆಯೂ ನಾನು ಆ ಬಾಗಿಲಿಗೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ನನಗೂ ಗೊತ್ತಾಗಿದೆ ಅಂತ ಅವಳಿಗೆ ತಿಳಿದುಬಿಡುತ್ತದೆ. ದಿನಾ ಹೋಗಿ "ಮಕ್ಕಳು ಬಂದರಾ?" ಅನ್ನುವುದು, ಅವಳು "ಇಲ್ಲ ಮೇಡಂ" ಅನ್ನುವುದು. ಅವಳ ಕಣ್ಣು ನನ್ನ ಮುಖದ ಮೇಲಿಂದ ಜಾರಿ ಬೀದಿಯ ತುದಿಗೆ ಹೋಗುತ್ತಿತ್ತು. ಹೊರಗೆ ಬರಲು ಅವಳಿಗೂ ದಾರಿ ಬೇಕಿತ್ತು. ಯಾವ ದಾರಿ ಅಂತ ನನಗೂ ತೋಚುತ್ತಿರಲಿಲ್ಲ.

ಮೇ ತಿಂಗಳು ಬಂತು. ಕೃತ್ತಿಕೆ ಮಳೆ ಹುಟ್ಟುವ ಮುಂಚಿನ ಆ ದಿನಗಳಲ್ಲಿ ಗಾಳಿಯೇ ಇರಲಿಲ್ಲ. ತೆಂಗಿನ ಗರಿ ಕೂಡ ಅಲ್ಲಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಬೀದಿಯೆಲ್ಲ ಕರೆದು ಮುಗಿಸಿ ಅವಳ ಬಾಗಿಲಿಗೆ ಬರುವಾಗ ನನಗೆ ಕಣ್ಣು ಕತ್ತಲೆ ಬಂತು. ಅವಳ ಜಗಲಿಯ ಕಂಬ ಹಿಡಿದು ಹಾಗೇ ಕೂತುಬಿಟ್ಟೆ. ಶೈಲಜ ಗಾಬರಿಯಿಂದ ನೀರು ತಂದಳು. ಅರ್ಧ ತೆರೆಯುತ್ತಿದ್ದ ಬಾಗಿಲು ಆಗ ಪೂರ್ತಿ ತೆರೆದಿತ್ತು.

"ಒಳಗೆ ಬನ್ನಿ ಮೇಡಂ. ಜಗಲಿ ಕಾದಿದೆ" ಅಂದಳು. ಒಳಗೆ ತಣ್ಣಗಿತ್ತು, ಕತ್ತಲಿತ್ತು. ನಾನು ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು. ಆಮೇಲೆ, "ಊಟದ ಹೊತ್ತು. ಮನೆಯೊಳಗೆ ಬಂದೋರು ಹಂಗೇ ಎದ್ದು ಹೋಗಬಾರದು. ಒಂದು ತುತ್ತು ತಗೊಳ್ಳಿ" ಅಂದಳು.

ಬೇಡ ಅನ್ನಲು ಬಾಯಿ ತೆರೆದವಳು ಕೈ ತೊಳೆಯಲು ಎದ್ದೆ. ಅವಳು ಚಾಪೆ ಹಾಸಿ, ಬೆಳಗಿದ ಕಂಚಿನ ತಟ್ಟೆಯಲ್ಲಿ ಒಂದು ರಾಗಿಮುದ್ದೆ, ಹುರುಳಿ ಬಸ್ಸಾರು ತಂದಿಟ್ಟಳು. ಮುದ್ದೆ ಚಿಕ್ಕದಾಗಿತ್ತು. ಅದು ಯಾರದೋ ಪಾಲಿನದು ಅಂತ ನನಗೆ ಗೊತ್ತಿತ್ತು. ಬಿಟ್ಟು ಎದ್ದರೆ ಅದಕ್ಕಿಂತ ದೊಡ್ಡ ಅವಮಾನ. ಮುರಿದು ಸಾರಿಗೆ ಅದ್ದಿ ನುಂಗತೊಡಗಿದೆ. ಅವಳು ಎದುರಿಗೆ ಕೂತು, ತಟ್ಟೆ ನೋಡಿ, "ಇನ್ನೊಂಚೂರು ಸಾರು ಹಾಕ್ಲಾ ಮೇಡಂ?" ಅಂದಳು.

ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅತ್ತಿಗೆಯ ಮನೆಯಲ್ಲಿ ಟೇಬಲ್ಲಿನ ಮೇಲೆ ಎಲ್ಲವೂ ಇರುತ್ತದೆ, ಬೇಕಾದದ್ದು ಹಾಕಿಕೊಳ್ಳಬೇಕು. ಈ ಮನೆಯಲ್ಲಿ ಇಲ್ಲದ್ದರಲ್ಲಿ ಬಡಿಸಿ, ಎದುರು ಕೂತು, ಸಾಕಾ ಬೇಕಾ ಅಂತ ಕೇಳುತ್ತಿದ್ದಾಳೆ. "ಹಾಕಮ್ಮ" ಅಂದೆ.

ಅವಳು ಸಾರು ತರಲು ಏಳುತ್ತಿದ್ದ ಹಾಗೆ ಒಳಕೋಣೆಯಿಂದ ಒಂದು ಸೀನು ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದು ತಡೆದ, ಆದರೂ ತಪ್ಪಿಸಿಕೊಂಡ ಚಿಕ್ಕ ಸೀನು.

ಶೈಲಜ ಬಟ್ಟಲು ಹಿಡಿದು ನಿಂತಲ್ಲೇ ನಿಂತಳು. ನಾನು ತಲೆ ಎತ್ತಲಿಲ್ಲ. ತಟ್ಟೆ ನೋಡಿಕೊಂಡೇ ಕೇಳಿದೆ.

"ಮಕ್ಕಳು ಅಜ್ಜಿ ಮನೆಯಿಂದ ಬರೋದು ಯಾವಾಗಮ್ಮ?"

ಅವಳು ಕುಸಿದು ಕೂತಳು. "ಅಮ್ಮ ಹೋದ ಮೇಲೆ ಯಾರೂ ಕರೀಲಿಲ್ಲ ಮೇಡಂ. ಕರೀದೆ ಹೋಗೋದು ಹೆಂಗೆ?" ಅಂದಳು. ಧ್ವನಿ ತೀರಾ ಸಣ್ಣದಾಗಿತ್ತು, ಒಳಗಿನವರಿಗೆ ಕೇಳಿಸಬಾರದು ಅಂತ.

"ನನ್ನನ್ನೂ ಯಾರೂ ಕರೆದಿಲ್ಲ ಶೈಲಜ" ಅಂದೆ. "ಅದಕ್ಕೇ ಇಲ್ಲಿದ್ದೀನಿ."

ಕೊನೆಯ ತುತ್ತು ನುಂಗಿ, ತಟ್ಟೆಯ ಅಂಚು ಒರೆಸಿ ಮತ್ತೆ ಹೇಳಿದೆ. "ನಾನು ನಿಮ್ಮನೆಯಲ್ಲಿ ಉಂಡಾಯ್ತು. ಇನ್ನು ನೀವು ನನ್ನ ಮನೆಗೆ ಊಟಕ್ಕೆ ಬರದಿದ್ರೆ ಆಗೋದಿಲ್ಲ. ಮಕ್ಕಳು ಬಂದ ದಿನ ಕರ್ಕೊಂಡು ಬನ್ನಿ."

"ನಿಮ್ಮನೆ ಅಂದ್ರೆ..."

"ನನಗೆ ಇನ್ಯಾವ ಮನೆ ಇದೆ? ಸ್ಕೂಲೇ."

ಅವಳು ನನ್ನ ಮುಖವನ್ನೇ ನೋಡಿದಳು. ಆ ಬೇಸಿಗೆಯಲ್ಲಿ ಅವಳು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. "ನಾಳೆ ಬರಬೋದು ಮಕ್ಕಳು" ಅಂದಳು. ನಾನು ಕೈ ತೊಳೆದು, ಒಳಕೋಣೆಯ ಕಡೆ ತಿರುಗಿಯೂ ನೋಡದೆ ಹೊರಟು ಬಂದೆ.

ಮರುದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕರೆಯಲು ಹೋದಾಗ ಶೈಲಜಳ ಬಾಗಿಲಿಗೆ ಹೊರಗಿನಿಂದ ಬೀಗ. ನನ್ನ ಜೀವವೇ ಹೋಯಿತು. ಹೆದರಿಸಿಬಿಟ್ಟೆನೇನೋ, ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗಾದರೂ ಹೋಗಿಬಿಟ್ಟಳೇನೋ ಅನ್ನಿಸಿತು. ಮಕ್ಕಳೆಲ್ಲ ಬಂದು ಕೂತರು. ನಾನು ಬಡಿಸಲು ಬಿಡಲಿಲ್ಲ. "ಅನ್ನ ಆರೋಯ್ತದೆ ಮೇಡಮ್ನೋರೆ, ಯಾರ್ನ ಕಾಯ್ತೀರಿ?" ಅಂತ ಜವರಮ್ಮ ಗೊಣಗಿದಳು. ಮಕ್ಕಳು ತಟ್ಟೆ ಬಡಿಯತೊಡಗಿದರು.

ಅಷ್ಟರಲ್ಲಿ ಅರಕಲಗೂಡಿನ ಬಸ್ಸು ಶಾಲೆಯ ಎದುರಿನ ಸ್ಟಾಪಿನಲ್ಲಿ ನಿಂತಿತು. ಮೊದಲು ಒಂದು ದೊಡ್ಡ ಬ್ಯಾಗು ಇಳಿಯಿತು. ಹಿಂದೆಯೇ ಸಿಂಚನ, ಗಾನವಿ, ಕೊನೆಗೆ ಶೈಲಜ. ಇಬ್ಬರು ಮಕ್ಕಳಿಗೂ ಹಬ್ಬದ ಫ್ರಾಕು, ಬಿಗಿಯಾಗಿ ಹೆಣೆದ ಜಡೆ, ಜಡೆಗೆ ಮಲ್ಲಿಗೆ. ನಸುಕಿಗೇ ಎದ್ದು, ಹಿತ್ತಿಲಿನಿಂದ ತೋಟದೊಳಗೆ ಹಾದು, ಮುಂದಿನ ಊರಿನ ಸ್ಟಾಪಿನವರೆಗೆ ನಡೆದು ಬಸ್ಸು ಹತ್ತಿದ್ದರಂತೆ. ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕೂತು, ಊರಿನ ಬಸ್ಸಿಗೆ ವಾಪಸ್ಸು ಬಂದಿದ್ದರು. ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ, ಅಷ್ಟು ಅನುಕೂಲ. ಇದನ್ನು ಸಿಂಚನ ನನಗೆ ಬಹಳ ದಿನದ ಮೇಲೆ ಹೇಳಿದಳು.

ಬಸ್‌ಸ್ಟಾಪಿನ ಅರಳಿಕಟ್ಟೆಯ ಮೇಲೆ ಕೂತಿದ್ದ ನಂಜಮ್ಮಜ್ಜಿ ಎದ್ದು ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ಬಂದ್ರಾ ಮಕ್ಳೆ ಅಜ್ಜಿ ಮನೆಯಿಂದ? ಚೆಂದಾಗಿ ಉಂಡ್ಕೊಂಡ್ ತಿನ್ಕೊಂಡ್ ಬಂದ್ರಾ?" ಅಂದಳು.

"ಬಂದೊ ಅಜ್ಜಿ" ಅಂದಳು ಸಿಂಚನ.

ಅಜ್ಜಿ ಮನೆಗೆ ಹೋಗಿ ಬಂದ ಮಕ್ಕಳು ಬಿಸಿಲಲ್ಲಿ ಕುಣಿದು ಕಪ್ಪಗಾಗಿ ಬರುತ್ತವೆ. ಈ ಇಬ್ಬರೂ ಬಿಳಿಚಿಕೊಂಡಿದ್ದರು. ಗಾನವಿ ಬೆಳಕಿಗೆ ಕಣ್ಣು ಬಿಡಲಾಗದೆ ಕೈ ಅಡ್ಡ ಹಿಡಿದು ನಡೆಯುತ್ತಿದ್ದಳು. ಅದನ್ನು ಎಲ್ಲರೂ ನೋಡಿದರು. ಹೋಟೆಲಿನವನು ನೋಡಿದ, ಡೈರಿಯವನು ನೋಡಿದ, ಬಾಯಿಬಡುಕಿ ಜವರಮ್ಮನೂ ನೋಡಿದಳು. ಒಬ್ಬರೂ ಒಂದು ಮಾತು ಎತ್ತಲಿಲ್ಲ. ಒಂದು ಇಡೀ ಊರು ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಆ ಊರಿನ ಮೇಲೆ ನನಗಿದ್ದ ಸಿಟ್ಟೆಲ್ಲ ಅಂದು ಇಳಿಯಿತು.

ನಾನು ಗೇಟಿನವರೆಗೆ ಹೋಗಿ, "ಎಲೆ ಹಾಕಿದೆ, ಬನ್ನಿ" ಅಂದೆ. ಶೈಲಜ ಬ್ಯಾಗನ್ನು ಜಗಲಿಯ ಮೂಲೆಯಲ್ಲಿಟ್ಟು, ಮಕ್ಕಳನ್ನು ಪಂಕ್ತಿಯ ತುದಿಯಲ್ಲಿ ಕೂರಿಸಿದಳು. ನನ್ನ ಪಾಲಿನ ಅನ್ನದಲ್ಲಿ ಅರ್ಧ ಅವಳಿಗೆ ಬಡಿಸಿದೆ. ಸಿಂಚನ ಯಾರನ್ನೂ ನೋಡದೆ ತಲೆ ತಗ್ಗಿಸಿ ಉಂಡಳು. ಗಾನವಿ ಎರಡು ಸಲ ಅನ್ನ ಹಾಕಿಸಿಕೊಂಡಳು. ಊಟ ಮುಗಿದದ್ದೇ ಮಕ್ಕಳ ಜೊತೆ ಬಯಲಿಗೆ ಓಡಿದವಳು ಸಂಜೆಯವರೆಗೂ ಓಡುತ್ತಲೇ ಇದ್ದಳು. ಶೈಲಜ ಪಾತ್ರೆ ತೊಳೆಯಲು ಜವರಮ್ಮನ ಪಕ್ಕದಲ್ಲಿ ಕೂತಳು, ಯಾರೂ ಹೇಳದೆಯೇ.

ಆಮೇಲಿನ ದಿನಗಳು ಬೇಗ ಹೋದವು. ಕೃತ್ತಿಕೆಯ ಕೊನೆಯಲ್ಲಿ ಒಂದು ಮಳೆ ಬಂತು. ರೋಹಿಣಿಯಲ್ಲಿ ಹದವಾಗಿ ಸುರಿಯಿತು. ಊರಿನವರೆಲ್ಲ ಆಕಾಶ ನೋಡಿ ಕೈ ಮುಗಿಯುತ್ತಿದ್ದರು. ನನಗೆ ಮಾತ್ರ ಒಳಗೊಳಗೆ ದುಃಖ. ಶಾಲೆ ತೆರೆದರೆ ಮಕ್ಕಳು ಗಂಟೆ ಹೊಡೆದಾಗ ತಾವೇ ಬಂದು ಕೂರುತ್ತಾರೆ. ನಾನು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಕೊನೆಯ ದಿನ ಕರೆಯಲು ಹೋದವಳು ಬೇಕೆಂದೇ ನಿಧಾನವಾಗಿ ನಡೆದೆ, ಪ್ರತಿ ಮನೆಯಲ್ಲೂ ನಿಂತು ಎರಡು ಮಾತು ಹೆಚ್ಚಿಗೆ ಆಡಿದೆ. ಅಂದು ಸಂಜೆ ರೂಮಿಗೆ ಹೋಗಿ ದೀಪ ಹಾಕಲೂ ಮನಸ್ಸಾಗಲಿಲ್ಲ.

ಶಾಲೆ ತೆರೆಯಿತು. ಟೀಚರುಗಳೆಲ್ಲ ಪ್ರಸಾದ, ಮದುವೆ ಫೋಟೋ, ಮಗನ ರ‍್ಯಾಂಕಿನ ಸುದ್ದಿ ಹೊತ್ತು ಬಂದರು. ಹೆಡ್‌ಮಾಸ್ಟರು ಖುಷಿಯಿಂದ ಕ್ಲಾಸು ಕ್ಲಾಸಿಗೆ ಬಂದು, ಪ್ರತಿ ವರ್ಷ ಕೇಳುವ ಪ್ರಶ್ನೆಯನ್ನೇ ಕೇಳುತ್ತಿದ್ದರು. "ರಜೆಯಲ್ಲಿ ಯಾರ‍್ಯಾರು ಎಲ್ಲಿಗೆ ಹೋಗಿದ್ರಪ್ಪಾ?" ನನ್ನ ಮೂರನೇ ಕ್ಲಾಸಿಗೂ ಬಂದರು. ಗಾನವಿ ಈಗ ನನ್ನ ಕ್ಲಾಸಿನವಳು. ಊರೆಲ್ಲ ಸೇರಿ ಕಾಪಾಡಿದ ಮಾತನ್ನು ಈ ಮಗು ಈಗ ಏನು ಮಾಡುತ್ತದೋ ಅಂತ ಹೆದರಿದೆ. ಒಬ್ಬೊಬ್ಬರಾಗಿ ಹೇಳಿದರು, ಅಜ್ಜಿ ಮನೆ, ಅತ್ತೆ ಮನೆ, ಹಾಸನದ ಚಿಕ್ಕಮ್ಮನ ಮನೆ.

ಗಾನವಿ ಎದ್ದು ನಿಂತಳು.

"ಅಜ್ಜಿ ಮನೇಗ್ ಹೋಗಿದ್ದೆ ಸಾ."

"ಭೇಷ್. ಹೆಂಗಿತ್ತು ಅಜ್ಜಿ ಮನೆ?"

"ಕತ್ಲೆ ಇತ್ತು ಸಾ. ಆಮೇಲೆ ಮಿಸ್ಸ್ ಮನೇಗ್ ಹೋದೆ."

ಹೆಡ್‌ಮಾಸ್ಟರು ನಗುತ್ತಾ ನನ್ನ ಕಡೆ ನೋಡಿದರು. ನನ್ನ ಒಂಟಿ ರೂಮನ್ನು ಅವರು ಬಲ್ಲರು. "ಮಿಸ್ ಮನೇಲಿ ಏನಮ್ಮ ಇದೆ? ಪಾಪ, ಅವರೊಬ್ಬರೇ ಇರೋದು."

"ಇಲ್ಲ ಸಾ" ಅಂದಳು ಗಾನವಿ, ತಪ್ಪು ಲೆಕ್ಕ ತಿದ್ದುವವಳ ಹಾಗೆ. "ಅವ್ರ ಮನೇಲಿ ತುಂಬಾ ಜನ ಅವ್ರೆ. ದಿನಾ ಎಲ್ರೂ ಒಟ್ಟಿಗೇ ಕೂತ್ಕೊಂಡ್ ಉಣ್ತಾರೆ."

ನಾನು ಡಸ್ಟರ್ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದೆ. ಶಾಲೆ ತೆರೆದ ಮೊದಲ ದಿನ, ಅದರ ಮೇಲೆ ಇನ್ನೂ ಏನನ್ನೂ ಬರೆದಿರಲಿಲ್ಲ. ಹೆಡ್‌ಮಾಸ್ಟರು ಹೋಗುವವರೆಗೂ ಒರೆಸುತ್ತಲೇ ನಿಂತಿದ್ದೆ.